ಆಗಸ್ಟ್ ತಿಂಗಳ ದಡ್ಡತನ

ಕಾಫಿ ಸೋಸುವ ಕಾಗದಕ್ಕೆ ಏನೆನ್ನುತ್ತಾರೆ ಎಂಬುದು ಇಲ್ಕಾನಿಗೆ ಹೊಳೆಯಲಿಲ್ಲ. ಪೊಟ್ಟಣ ಖಾಲಿಯಾಗಿತ್ತು. ಹೊಸದು ಎಲ್ಲಿದೆಯೆಂದು ಮಹಡಿಯ ಮೇಲಿದ್ದ ಹೆಂಡತಿ ಹೆನ್ನಾಳನ್ನು ಕೂಗಿ ಕೇಳಿದರೆ ಮುಗಿಯುತ್ತಿತ್ತು. ಕೂಗಲೆಂದು ಬಾಯಿ ತೆರೆದ. ಪದ ಇರಬೇಕಾದ ಕಡೆ ಏನೂ ಇರಲಿಲ್ಲ. ನಾಲಿಗೆಯ ತುದಿಯಲ್ಲಿದೆ ಅನ್ನುವಂಥ ಮರೆವಲ್ಲ ಇದು; ಅದಾದರೆ ಮೊದಲ ಅಕ್ಷರವಾದರೂ ಸುಳಿದಾಡುತ್ತದೆ. ಇದು ಬಾಗಿಲು ತೆರೆದು ಕಾಲಿಟ್ಟರೆ ಒಳಗೆ ನೆಲವೇ ಇಲ್ಲದ ಹಾಗೆ. ಕೊನೆಗೆ, ಅದು ಎಲ್ಲಿದೆ ಎಂದು ಕೂಗಿದ. ಯಾವುದು ಎಂದಳು ಅವಳು. ಕಾಫಿಯದು ಎಂದ. ಮೇಲಿನ ಕಪಾಟಿನಲ್ಲಿ ಎಂದಳು, ಮಗಳ ಜಡೆ ಹೆಣೆಯುತ್ತಲೇ. ಅವಳಿಗೆ ಏನೂ ಅನ್ನಿಸಿದಂತಿರಲಿಲ್ಲ. ಯಾಕೆ ಅನ್ನಿಸಬೇಕು? ಇಷ್ಟು ವರ್ಷ ಜೊತೆಗಿದ್ದ ಗಂಡ ಹೆಂಡಿರ ಅರ್ಧ ಮಾತು ಅದು, ಇದು ಎನ್ನುವುದರಲ್ಲೇ ಮುಗಿದುಹೋಗುತ್ತದೆ. ಆದರೆ ಮೊನ್ನೆಯಿಂದ ಇಲ್ಕಾ ತನ್ನ ಹಿಂದೆ ತಾನೇ ಪೊಲೀಸರನ್ನು ಬಿಟ್ಟುಕೊಂಡವನಂತಾಗಿದ್ದ. ಕಾರಿನ ಕೀಲಿಗಾಗಿ ಮನೆಯೆಲ್ಲ ಹುಡುಕಿದರೆ, ಹಿಂದೆಯೂ ಹೀಗೆ ಹುಡುಕುತ್ತಿದ್ದೆನೆ ಎಂದು ಕೇಳಿಕೊಳ್ಳುತ್ತಿದ್ದ. ಕಿಟಕಿಯಾಚೆ ಮಾರ್ಚಿನ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಚುಚ್ಚಿದರೆ, ಎಲ್ಲರಿಗೂ ಚುಚ್ಚುತ್ತದೆಯೆ, ತನಗೊಬ್ಬನಿಗೋ ಎಂದು ಬೀದಿಯಲ್ಲಿ ಹೋಗುವವರ ಮುಖ ನೋಡುತ್ತಿದ್ದ. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡೇ ನಡೆಯುತ್ತಿದ್ದರು. ಅದರಿಂದಲೂ ಸಮಾಧಾನವಾಗಲಿಲ್ಲ.

ಮೊನ್ನೆ, ಐಸ್ ಹಾಕಿ ಕ್ವಾರ್ಟರ್ ಫೈನಲ್ ಸರಣಿಯ ಐದನೇ ಪಂದ್ಯದಲ್ಲಿ, ಮೂಲೆಗೆ ಜಾರಿದ ಕಪ್ಪು ರಬ್ಬರ್ ಬಿಲ್ಲೆಯನ್ನು ಎತ್ತಿಕೊಳ್ಳಲು ಬೆನ್ನು ತಿರುಗಿಸಿದ್ದ. ಹಿಂದಿನಿಂದ ಎದುರು ತಂಡದ ಆಟಗಾರನೊಬ್ಬ ಬಂದು ಅಪ್ಪಳಿಸಿದ. ತಲೆ ಗಾಜಿನ ಗೋಡೆಗೆ ಬಡಿಯಿತು. ಇಷ್ಟೂ ಅವನಿಗೆ ಗೊತ್ತಿರುವುದು ವಿಡಿಯೊ ನೋಡಿ. ಅವನ ಸ್ವಂತ ನೆನಪು ಶುರುವಾಗುವುದು ಬೆಂಚಿನ ಮೇಲೆ, ಬಾಟಲಿಯ ನೀರಿಗೆ ತುಕ್ಕಿನ ರುಚಿ ಬರುತ್ತಿದೆಯಲ್ಲ ಎನ್ನುವಲ್ಲಿಂದ. ಮಧ್ಯದ ಹೊತ್ತಿನಲ್ಲಿ ಅವನೇ ಎದ್ದಿದ್ದಾನೆ, ಬಿಲ್ಲೆಯನ್ನು ಸರಿಯಾಗಿಯೇ ಜೊತೆಗಾರನಿಗೆ ದಾಟಿಸಿದ್ದಾನೆ, ರೆಫರಿಯ ಕಡೆ ಕೈಯಾಡಿಸಿ ಏನೋ ಬೈದಿದ್ದಾನೆ. ವಿಡಿಯೊದಲ್ಲಿ ಆ ಮನುಷ್ಯ ಬಹಳ ಚೆನ್ನಾಗಿ ಆಡುತ್ತಿದ್ದ. ಅವನು ಯಾರು ಎಂದು ಇಲ್ಕಾ ವಿಡಿಯೊವನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದ್ದ. ಸೆಪ್ಟೆಂಬರಿನಿಂದ ಶುರುವಾದ ಲೀಗು, ಕತ್ತಲ ಹೆದ್ದಾರಿಯಲ್ಲಿ ಬಸ್ಸು, ಪೆಟ್ರೋಲ್ ಬಂಕಿನ ಮಾಂಸದುಂಡೆ, ಊದಿದ ಮೊಣಕಾಲು, ಇವೆಲ್ಲ ದಾಟಿ ಈ ಕಾಗದದ ಕಾರ್ಖಾನೆಯ ಊರು ಎಷ್ಟೋ ವರ್ಷಗಳ ಮೇಲೆ ಕೊನೆಯ ಎಂಟರಲ್ಲಿ ನಿಂತಿತ್ತು. ಆಟಗಾರರು ಸೋಲುವತನಕ ಗಡ್ಡ ತೆಗೆಯುವುದಿಲ್ಲ. ಈ ಸಲ ಬೇಕರಿಯವನೂ ಪಾದ್ರಿಯೂ ಗಡ್ಡ ಬಿಟ್ಟುಕೊಂಡಿದ್ದರು. ಇವತ್ತಿನ ಆರನೇ ಪಂದ್ಯ ಸೋತರೆ ಎಲ್ಲ ಮುಗಿಯುತ್ತದೆ. ಇಲ್ಕಾನಿಗೆ ಮೂವತ್ನಾಲ್ಕು. ವಸಂತಕ್ಕೆ ಅವನ ಒಪ್ಪಂದವೂ ಮುಗಿಯುತ್ತದೆ. ತಲೆಗೆ ಪೆಟ್ಟಾಗಿದೆ ಎಂದು ಬಾಯಿಬಿಟ್ಟ ಮೂವತ್ನಾಲ್ಕರ ಡಿಫೆಂಡರನ್ನು ಯಾವ ಊರೂ ಕರೆಯುವುದಿಲ್ಲ. ಬಾಯಿ ಬಿಡದಿದ್ದರೆ ಇನ್ನೊಂದು ಪೆಟ್ಟು. ಆಮೇಲೆ ಕಸ್ಪೇರಿ.

ಕಸ್ಪೇರಿಯ ಹೆಸರು ಮನಸ್ಸಿಗೆ ಬಂದರೆ ಸಾಕು, ಇಲ್ಕಾ ಎದ್ದು ಯಾವುದಾದರೊಂದು ಕೆಲಸ ಹಿಡಿಯುತ್ತಿದ್ದ. ಈಗ ಕಾಫಿ ಸುರಿದುಕೊಂಡ. ನಾಲ್ಕು ವರ್ಷ ಇಬ್ಬರೂ ಒಂದೇ ಜೋಡಿಯಾಗಿ ಆಡಿದವರು, ಎಡಕ್ಕೆ ಅವನು, ಬಲಕ್ಕೆ ಇವನು. ಜನವರಿಯಲ್ಲಿ ಕಸ್ಪೇರಿಯ ತಲೆಗೆ ಪೆಟ್ಟಾಗಿ, ಡಾಕ್ಟರ ಪರೀಕ್ಷೆ ಪಾಸಾಗಿ, ವಾರದೊಳಗೆ ಹಿಂದಿರುಗಿದ್ದ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತ, ಇವತ್ತು ಯಾರ ಜೊತೆ ಆಡ್ತಿದೀವಿ ಮಾರಾಯ ಎಂದು ಮೆಲ್ಲಗೆ ಕೇಳಿದ್ದ. ಎದುರು ತಂಡದ ಹಳದಿ ಅಂಗಿಗಳು ಕಣ್ಣೆದುರಿಗೇ ಓಡಾಡುತ್ತಿದ್ದವು. ಇಲ್ಕಾ ನಕ್ಕಿದ್ದ. ನಿಮ್ಮತ್ತೆ ಮನೆಯವರ ಜೊತೆ ಎಂದು ಹೇಳಿದ್ದ. ಕಸ್ಪೇರಿಯೂ ನಕ್ಕಿದ್ದ, ಒಂದು ಕ್ಷಣ ತಡವಾಗಿ. ಆ ತಡವನ್ನು ಇಲ್ಕಾ ನೋಡಿದ್ದ. ನೋಡಿದೆ ಎಂದು ತನಗೆ ತಾನೇ ಒಪ್ಪಿಕೊಳ್ಳಲು ಅವನಿಗೆ ಒಂದು ತಿಂಗಳು ಬೇಕಾಯಿತು. ಅದೇ ಅವಧಿಯಲ್ಲಿ ಕಸ್ಪೇರಿ ಮತ್ತೆ ಬಿದ್ದ. ಬಿದ್ದದ್ದೇನೂ ದೊಡ್ಡದಲ್ಲ, ಭುಜಕ್ಕೆ ಭುಜ ತಾಗಿದ್ದು. ಈಗ ಅವನು ಕಿಟಕಿಗೆ ಕಂಬಳಿ ಹೊಡೆದ ಕೋಣೆಯಲ್ಲಿರುತ್ತಾನೆ. ಇಲ್ಕಾ ಒಮ್ಮೆ ದಾಲ್ಚಿನ್ನಿ ಬನ್ನು ಕಟ್ಟಿಸಿಕೊಂಡು ನೋಡಲು ಹೋಗಿದ್ದ. ಕಸ್ಪೇರಿ ಬನ್ನು ತಿಂದು, ಮಗಳು ಹೇಗಿದ್ದಾಳೆ ಎಂದು ಕೇಳಿದ, ಸ್ವಲ್ಪ ಹೊತ್ತಿಗೆ ಮಗಳು ಹೇಗಿದ್ದಾಳೆ ಎಂದು ಕೇಳಿದ, ಮತ್ತೂ ಕೇಳಿದ. ಮೂರು ಸಲವೂ ಇಲ್ಕಾ ಹೊಸದಾಗಿ ಕೇಳಿದವನಂತೆ ಚೆನ್ನಾಗಿದ್ದಾಳೆ ಎಂದ. ಬೂಟು ಹಾಕಿಕೊಂಡು ಹೊರಬಂದಾಗ ಅವನಿಗೆ ದುಃಖಕ್ಕಿಂತ ಮೊದಲು ಬಂದದ್ದು, ಸದ್ಯ ನಾನಲ್ಲ ಎಂಬ ಬಿಡುಗಡೆ. ಆ ನೆನಪಿಗೆ ಇವತ್ತೂ ಮುಖ ಬಿಸಿಯಾಗುತ್ತದೆ.

ಬೆಳಗಿನ ಹಗುರ ಅಭ್ಯಾಸ ಮುಗಿದ ಮೇಲೆ ತಂಡದ ಡಾಕ್ಟರು ರೀತ್ತಾ ಅವನನ್ನು ಬಿಸಿ ಹಬೆಯ ಸೌನಾದ ಪಕ್ಕದ ಸಣ್ಣ ಕೋಣೆಗೆ ಕರೆದಳು. ಮೊನ್ನೆಯದರ ವಿಡಿಯೊ ನೋಡಿದೆ, ಸುಮ್ಮನೆ ಒಂದು ಸಲ ಪರೀಕ್ಷೆ ಮಾಡಿಬಿಡೋಣ ಎಂದಳು. ವಾರವೆಲ್ಲ ಊರಿನ ನೆಗಡಿ ಕೆಮ್ಮು ನೋಡುವ, ಮಾತು ಕಮ್ಮಿಯ ಹೆಂಗಸು. ಕನ್ನಡಕವನ್ನು ತಲೆಯ ಮೇಲೇರಿಸಿ ಮರೆತು ಮೇಜಿನ ಮೇಲೆ ಹುಡುಕುತ್ತಾಳೆ. ಅವಳು ಹುಡುಕುವುದನ್ನು ನೋಡಿ, ನಿನ್ನ ಮರೆವಿಗೆ ಯಾರೂ ಭಯಪಡುವುದಿಲ್ಲವಲ್ಲ ತಾಯಿ ಎಂದು ಇಲ್ಕಾ ಮನಸ್ಸಿನಲ್ಲೇ ಹೊಟ್ಟೆಕಿಚ್ಚುಪಟ್ಟ. ಲ್ಯಾಪ್‌ಟಾಪಿನ ಪರದೆಯ ಮೇಲೆ ಪದಗಳು ಒಂದೊಂದಾಗಿ ಬಂದು ಹೋದವು: ದೋಣಿ, ಸುತ್ತಿಗೆ, ಚಿಕ್ಕಮ್ಮ, ಬೆಣ್ಣೆ, ಹೀಗೆ ಹತ್ತು. ಆಮೇಲೆ ಬಣ್ಣ ಬದಲಾದಾಗ ಗುಂಡಿ ಒತ್ತಬೇಕು. ಆಮೇಲೆ ಮೊದಲಿನ ಪದಗಳನ್ನು ಹೇಳಬೇಕು. ಇದೇ ಪರೀಕ್ಷೆಯನ್ನು ಆಗಸ್ಟಿನಲ್ಲಿ, ಲೀಗು ಶುರುವಾಗುವ ಮೊದಲು, ತಲೆಗೆ ಏನೂ ಆಗಿರದ ಹೊತ್ತಿನಲ್ಲಿ ಎಲ್ಲರಿಗೂ ಮಾಡುತ್ತಾರೆ. ಅದು ಅಳತೆಗೋಲು. ಪೆಟ್ಟಾದ ಮೇಲೆ ಅದಕ್ಕಿಂತ ಕಮ್ಮಿ ಬಂದರೆ ಮನೆಗೆ. ಹಾಗಾಗಿ ಆಗಸ್ಟಿನಲ್ಲಿ ಯಾರೂ ಪೂರ್ತಿ ಬುದ್ಧಿ ಖರ್ಚು ಮಾಡುವುದಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಇಲ್ಕಾ ತಂಡಕ್ಕೆ ಬಂದಾಗ ಅಂದಿನ ನಾಯಕ ಶವರಿನ ಕೆಳಗೆ ಸೋಪು ಉಜ್ಜಿಕೊಳ್ಳುತ್ತ ಇದನ್ನು ಹೇಳಿಕೊಟ್ಟಿದ್ದ, ಸ್ಕೇಟಿನ ಅಲಗು ಹೇಗೆ ಒರೆಸಬೇಕು ಎಂದು ಹೇಳಿಕೊಡುವಷ್ಟೇ ಸಹಜವಾಗಿ. ಕೊನೆಯ ಪದಗಳನ್ನೇ ಬಿಟ್ಟರೆ ಗುಮಾನಿ ಬರುತ್ತದೆ, ನಡುವೆ ನಡುವೆ ಬಿಡಬೇಕು. ಬಣ್ಣ ಬದಲಾದ ಮೇಲೆ ಮನಸ್ಸಿನಲ್ಲಿ ಒಂದು ಉಸಿರೆಳೆದು ಗುಂಡಿ ಒತ್ತಬೇಕು. ಇಲ್ಕಾ ಅದರಲ್ಲಿ ಪಳಗಿದವನು. ಕಳೆದ ಆಗಸ್ಟಿನಲ್ಲಿ ಎಲ್ಲ ಹತ್ತು ಪದವೂ ಬಾಯಿಗೆ ಬಂದಿದ್ದರೂ ಹುಬ್ಬು ಗಂಟಿಕ್ಕಿ, ಸೂರು ನೋಡಿ, ಆರೇ ಆರು ಹೇಳಿದ್ದ. ಹೊರಗೆ ಬಂದು ಕಸ್ಪೇರಿಗೆ ಅದರ ನಟನೆ ಮಾಡಿ ತೋರಿಸಿದ್ದ. ಕಸ್ಪೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ತನ್ನದು ಐದೇ ಎಂದು.

ಇವತ್ತು ಇಲ್ಕಾ ನಟಿಸಲಿಲ್ಲ. ಪರದೆಯನ್ನು ನುಂಗುವವನಂತೆ ನೋಡಿದ. ಏಳು ಪದ ಬಂದವು. ಮಿಕ್ಕ ಮೂರು ಬೆಳಗಿನ ಕಾಫಿ ಕಾಗದದ ಹಾಗೆ ಪೂರ್ತಿ ಮಾಯವಾಗಿದ್ದವು. ಗುಂಡಿ ಒತ್ತಲು ಬೆರಳು ತಡಮಾಡಿತೆ, ಇಲ್ಲವೆ, ಗೊತ್ತಾಗಲಿಲ್ಲ. ರೀತ್ತಾ ಆಗಿನ ಈಗಿನ ಅಂಕಗಳ ಎರಡೂ ಸಾಲುಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿ, ಆಗಸ್ಟಿಗಿಂತ ಬುದ್ಧಿವಂತ ಆಗಿದೀಯಲ್ಲೋ ಎಂದು ನಕ್ಕಳು. ತಲೆನೋವು, ವಾಂತಿ, ಬೆಳಕು ಕಂಡರೆ ತೊಂದರೆ ಏನಾದರೂ ಇದೆಯೆ ಎಂದು ಕೇಳಿದಳು. ಇಲ್ಲ ಎಂದ. ಅವಳು ಅವನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿ, ಸರಿ, ಸಂಜೆ ಆಡು ಎಂದಳು. ಹೊರಗೆ ಕಾರಿಡಾರಿನಲ್ಲಿ ಇಲ್ಕಾ ಗೋಡೆಗೆ ಕೈ ಊರಿ ನಿಂತ. ಪಾಸಾಗಿದ್ದ. ಕಸ್ಪೇರಿಯೂ ಪಾಸಾಗಿದ್ದ. ತನ್ನ ತಲೆ ಎಷ್ಟು ಹಾಳಾಗಿದೆ ಎಂದು ತಿಳಿಯಬೇಕಾದರೆ ಮೊದಲು ಎಷ್ಟು ಚೆನ್ನಾಗಿತ್ತು ಎಂಬುದು ಗೊತ್ತಿರಬೇಕು. ಅದನ್ನು ಹದಿನೈದು ವರ್ಷ ಎಲ್ಲರಿಂದಲೂ ಮುಚ್ಚಿಟ್ಟಿದ್ದ. ಕಳೆದ ಆಗಸ್ಟಿನಲ್ಲಿ ಹತ್ತು ಪದ ನೆನಪಿದ್ದವು ಎಂದು ಹೇಳುತ್ತಿರುವುದಾದರೂ ಯಾರು? ಇದೇ ತಲೆ. ಎಂಟೇ ಇದ್ದಿರಬಹುದು. ಒಂಬತ್ತಿರಬಹುದು. ಕೇಳೋಣವೆಂದರೆ ಸಾಕ್ಷಿಯೇ ಇಲ್ಲ.

ಪಂದ್ಯದ ದಿನ ಮಧ್ಯಾಹ್ನ ಮ್ಯಾಕರೋನಿ ತಿಂದು ಎರಡು ತಾಸು ಮಲಗುವುದು ಈ ಜನರ ವ್ರತ. ಆ ಹೊತ್ತಿನಲ್ಲಿ ಮನೆಯಲ್ಲಿ ಚಮಚದ ಸದ್ದೂ ಆಗಬಾರದು. ಹೆನ್ನಾ ಮಗಳನ್ನು ಕರೆದುಕೊಂಡು ಈಜುಕೊಳಕ್ಕೆ ಹೋಗಲು ಚೀಲ ಹಿಡಿದು ನಿಂತಿದ್ದಳು. ಇಲ್ಕಾ ತಾನು ಮಲಗುವುದಿಲ್ಲ ಎಂದ. ಹೆನ್ನಾಳ ಕೈ ಬಾಗಿಲ ಹಿಡಿಯ ಮೇಲೆ ಹಾಗೇ ನಿಂತಿತು. ಇಷ್ಟು ವರ್ಷಗಳಲ್ಲಿ, ಮಗು ಹುಟ್ಟಿದ ದಿನವೂ, ಅವನು ಈ ನಿದ್ದೆ ತಪ್ಪಿಸಿದವನಲ್ಲ. ಹೊಟ್ಟೆ ಸರಿಯಿಲ್ಲವೆ ಎಂದು ಕೇಳಿದಳು. ಸರಿಯಿದೆ, ಪಿಹ್ಲಾ ಜೊತೆ ಸ್ವಲ್ಪ ಹೊತ್ತು ಆಡುತ್ತೇನೆ ಎಂದ. ಆರು ವರ್ಷದ ಪಿಹ್ಲಾ ಬೂಟು ಒದ್ದು ಬಿಚ್ಚಿ, ಚಿತ್ರದ ಚೀಟಿಗಳ ಡಬ್ಬಿ ತಂದು ನೆಲದ ಮೇಲೆ ಸುರಿದಳು. ಚೀಟಿಗಳನ್ನು ಬೋರಲಾಗಿ ಹರಡಿ, ಎರಡೆರಡು ತಿರುವಿ, ಒಂದೇ ಥರದ ಜೋಡಿ ಹುಡುಕುವ ಆಟ. ಈ ಆಟದಲ್ಲಿ ಅಪ್ಪ ಒಮ್ಮೆಯೂ ಗೆದ್ದಿರಲಿಲ್ಲ. ಮಕ್ಕಳ ಮುಂದೆ ಸೋಲುವುದರಲ್ಲಿ ಅಪ್ಪಂದಿರಿಗೆ ಇರುವ ಸುಖ ಅವನಿಗೂ ಇತ್ತು. ಮುಳ್ಳುಮೈಯ ಹೆಡ್ಜ್‌ಹಾಗ್ ಎಲ್ಲಿದೆ ಎಂದು ಗೊತ್ತಿದ್ದೂ ಪಕ್ಕದ ಅಣಬೆ ತಿರುವಿ, ಅಯ್ಯೋ ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ಈಗ ಮೊದಲ ಚೀಟಿ ತಿರುವುವಾಗ ಅವನ ಎದೆ, ಪಂದ್ಯದ ಕೊನೆಯ ನಿಮಿಷದಲ್ಲೂ ಹೊಡೆದುಕೊಳ್ಳದಷ್ಟು ಹೊಡೆದುಕೊಳ್ಳುತ್ತಿತ್ತು.

ಕರಡಿ ಬಂತು. ಆಮೇಲೆ ಬಕೆಟ್ಟು. ಕರಡಿ ಎಡಗಡೆಯ ಮೂಲೆ, ಬಕೆಟ್ಟು ಸೋಫಾದ ಕಡೆಯ ಸಾಲು, ಎಂದು ಮನಸ್ಸಿನಲ್ಲೇ ಒತ್ತಿ ಒತ್ತಿ ಬರೆದುಕೊಂಡ. ಪಿಹ್ಲಾ ಎರಡು ತಿರುವಿದಳು, ಮುಚ್ಚಿದಳು. ಅಷ್ಟರಲ್ಲಿ ಕರಡಿ ಮೂಲೆಯಲ್ಲಿರಲಿಲ್ಲ, ಅಲ್ಲಿ ಕೋಳಿಯಿತ್ತು. ಹಿಮದ ಬೆಳಕು ಪರದೆಯ ಸಂದಿನಿಂದ ನುಗ್ಗಿ ಚೀಟಿಗಳ ಬೆನ್ನ ಮೇಲೆ ಹೊಳೆಯುತ್ತಿತ್ತು, ಎಲ್ಲವೂ ಒಂದೇ ನೀಲಿ. ಇದೇ ಥರ ಆಟದಂಗಳದ ನೀಲಿ ಗೆರೆಯ ಹತ್ತಿರ ನಿಂತು, ಬೆನ್ನ ಹಿಂದೆ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂದು ತಿರುಗದೆಯೇ ಹೇಳಬಲ್ಲವನಾಗಿದ್ದ ಅವನು; ಅದನ್ನೇ ಉಂಡು ಇಷ್ಟು ವರ್ಷ ಬದುಕಿದ್ದ. ಮತ್ತೆ ಕರಡಿ ಹುಡುಕಿದ. ಅಣಬೆ. ಬೆವರು ಹುಬ್ಬಿಗಿಳಿಯಿತು. ಪಿಹ್ಲಾಳ ಮುಂದೆ ಜೋಡಿಗಳು ಗುಡ್ಡೆಯಾಗುತ್ತ ಹೋದವು. ಎಂದಿನಂತೆ ಅವಳು ಕುಣಿಯಲಿಲ್ಲ. ಕೊನೆಕೊನೆಗೆ ನಿಧಾನ ಮಾಡಿದಳು, ಚೀಟಿಯೊಂದರ ಮೇಲೆ ಬೆರಳಿಟ್ಟು ಅಪ್ಪನ ಮುಖ ನೋಡಿ, ಬೆರಳು ತೆಗೆದು, ಬೇರೆ ತಿರುವಿದಳು. ಅದು ತಪ್ಪಾಗಿತ್ತು. ಅವಳು ಅಯ್ಯೋ ಎಂದಳು. ಆ ಅಯ್ಯೋ ಇಲ್ಕಾನದೇ ಅಯ್ಯೋ, ಅದೇ ರಾಗ, ತಲೆ ಚಚ್ಚಿಕೊಳ್ಳುವುದೂ ಅದೇ.

"ಯಾಕೆ ಪುಟ್ಟಿ, ಅದು ಎಲ್ಲಿದೆ ಅಂತ ಗೊತ್ತಿತ್ತಲ್ಲ ನಿಂಗೆ?"

"ನಿಂಗೂ ದಿನಾ ಗೊತ್ತಿರತ್ತೆ," ಎಂದಳು ಪಿಹ್ಲಾ, ಚೀಟಿಗಳನ್ನು ಜೋಡಿಸುತ್ತ. "ಸರಿಯಾದ್ದನ್ನ ಒಂದ್ಸಲ ನೋಡ್ತೀಯ, ಆಮೇಲೆ ಬೇರೇದು ತೆಗೀತೀಯ. ಇವತ್ತು ಎಲ್ಲೂ ನೋಡ್ಲೇ ಇಲ್ಲ."

ಹೆನ್ನಾ ಬಾಗಿಲ ಬಳಿಯೇ ನಿಂತು ಕೇಳಿಸಿಕೊಂಡಿದ್ದಳು. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಈ ದೇಶದಲ್ಲಿ ಗಂಡ ಹೆಂಡಿರು ದೊಡ್ಡ ವಿಷಯಗಳನ್ನು ಹಾಗೆಯೇ ಮಾತಾಡುವುದು. ಅವಳು ಬಂದು ಪರದೆಯ ಸಂದು ಮುಚ್ಚಿದಳು. ಹೊರಡುವ ಹೊತ್ತಿಗೆ, ಕಾರು ನಾನು ಓಡಿಸುತ್ತೇನೆ ಎಂದಳು. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. ಆಗಸ್ಟಿನದು ಸುಳ್ಳು, ಅಷ್ಟೆ. ಎರಡೇ ಪದ. ಆದರೆ ಅದನ್ನು ಹೇಳಿದರೆ ಇಡೀ ಕೋಣೆಯ ಸುಳ್ಳನ್ನು ಹೇಳಿದಂತೆ. ಪಕ್ಕದಲ್ಲಿ ಕೂರುವ ಒಬ್ಬೊಬ್ಬನ ಬಟ್ಟೆಯನ್ನೂ ಎಳೆದಂತೆ. ಆಮೇಲೆ ಯಾರೂ ಅವನನ್ನು ಬೈಯುವುದಿಲ್ಲ, ಕಾಫಿ ಕುಡಿಯಲು ಕರೆಯುವುದೂ ಇಲ್ಲ. ಸೇತುವೆಯ ಮೇಲೆ ಜನ ಬಾವುಟ ಹಿಡಿದು ಕ್ರೀಡಾಂಗಣದ ಕಡೆ ನಡೆಯುತ್ತಿದ್ದರು. ಒಬ್ಬ ಮುದುಕ ಅವನ ಕಾರನ್ನು ಗುರುತು ಹಿಡಿದು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಇಲ್ಕಾನಿಗೆ ಕಾಲಿಗೆ ಬುದ್ಧಿ ಹೇಳಿ ಓಡಿಬಿಡೋಣ ಎನ್ನಿಸಿತು. ಓಡುವುದಾದರೂ ಎಲ್ಲಿಗೆ, ಹೆದರಿಕೆಯಿರುವುದು ತಲೆಯೊಳಗೆ.

ಡ್ರೆಸ್ಸಿಂಗ್ ರೂಮಿನಲ್ಲಿ ಅವನು ಎಲ್ಲರಂತೆ ಅಂಗಿ ತೊಟ್ಟ, ಕಾಲುಗಳನ್ನು ಸ್ಕೇಟಿನೊಳಗೆ ತೂರಿಸಿ ಲಾಡಿ ಸಡಿಲ ಬಿಟ್ಟುಕೊಂಡು ಕೂತ. ಮಾತನ್ನು ಎಲ್ಲರಿಗೂ ಕೇಳದಂತೆ ಹೇಳಬೇಕೆಂದಿದ್ದ. ಆದರೆ ರೀತ್ತಾ ಬ್ಯಾಂಡೇಜಿನ ಡಬ್ಬಿ ಹಿಡಿದು ಎದುರಿಗೆ ಹಾದುಹೋದಾಗ, ಆಗಸ್ಟಿನದು ಸುಳ್ಳು ಎಂದು ಅವನ ಬಾಯಿ ಗಟ್ಟಿಯಾಗಿಯೇ ಹೇಳಿಬಿಟ್ಟಿತು. ಕೋಣೆಯಲ್ಲಿ ಆಟದ ಕೋಲುಗಳಿಗೆ ಟೇಪು ಸುತ್ತುವ ಸದ್ದು ನಿಂತಿತು. ಆರಲ್ಲ, ಹತ್ತೂ ನೆನಪಿದ್ದವು, ಬೇಕಂತಲೇ ಬಿಟ್ಟೆ ಎಂದ. ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಒಂದು ಪದ ಮರೆತುಹೋಯಿತು ಎಂದ. ಯಾವ ಪದ ಎಂದು ಅವಳು ಕೇಳಲಿಲ್ಲ; ಕೇಳಿದ್ದರೆ ಈಗಲೂ ಅವನಿಗೆ ಬರುತ್ತಿರಲಿಲ್ಲ. ಮಗಳ ಹತ್ತಿರ ಚೀಟಿಯಾಟದಲ್ಲಿ ಸೋತೆ ಎಂದ. ಯಾರೋ ಕಿಸಕ್ಕೆಂದರು. ಕೋಚ್ ಕೆತ್ತುನೆನ್ ಬಾಗಿಲಿಗೆ ಒರಗಿ ನಿಂತಿದ್ದವನು, ಗಡಿಯಾರ ನೋಡಿಕೊಂಡು, ಸಾಧ್ಯವಾದಷ್ಟು ಮೆತ್ತಗೆ ಮಾತಾಡಿದ.

"ಮಕ್ಕಳ ಹತ್ರ ಎಲ್ರೂ ಸೋಲ್ತಾರೆ ಗುರು. ನೀನು ಯಾವತ್ತು ಗೆದ್ದಿದ್ದೆ ಹೇಳು?"

ಎಲ್ಲರೂ ನಕ್ಕರು, ಕೋಣೆ ಹಗುರಾಯಿತು. ಯಾವತ್ತೂ ಗೆದ್ದಿಲ್ಲ ಎನ್ನುವುದು ನಿಜವೇ ಆಗಿತ್ತು. ಎರಡು ಥರದ ಸೋಲಿದೆ ಎಂದು ಹೇಳಲು ಇಲ್ಕಾ ಬಾಯಿ ತೆರೆದ. ಮಾತು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಮುಚ್ಚಿದ. ನಗುವವರಲ್ಲಿ ಕೆಲವರು ಅವನ ಕಡೆ ನೋಡುತ್ತಿರಲಿಲ್ಲ. ಆಗಸ್ಟಿನಲ್ಲಿ ತಾವು ಎಷ್ಟು ಪದ ಬಿಟ್ಟಿದ್ದೆವೆಂದು ಒಬ್ಬೊಬ್ಬನೂ ಲೆಕ್ಕ ಹಾಕುತ್ತಿರುವುದು ಅವರ ತಗ್ಗಿದ ತಲೆಗಳಲ್ಲೇ ಕಾಣುತ್ತಿತ್ತು. ಕಸ್ಪೇರಿ ಒಂದಿನ ಬೆಂಚಲ್ಲಿ ನನ್ನನ್ನ ಒಂದು ಮಾತು ಕೇಳಿದ್ದ ಎಂದ ಇಲ್ಕಾ, ಯಾರ ಮುಖವನ್ನೂ ನೋಡದೆ. ಯಾರ ಜೊತೆ ಆಡ್ತಿದೀವಿ ಅಂತ ಕೇಳಿದ್ದ. ನಾನು ತಮಾಷೆ ಮಾಡಿದೆ. ಈ ಸಲ ನಗುವಿನ ಸದ್ದು ಪೂರ್ತಿ ಅಡಗಿತು. ರೀತ್ತಾ ಬ್ಯಾಂಡೇಜಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. ಜನವರಿಯಲ್ಲಿ ಕಸ್ಪೇರಿಗೆ ಸರಿ, ಆಡು ಎಂದವಳು ಅವಳೇ.

"ಸ್ಕೇಟು ತೆಗಿ ಇಲ್ಕಾ," ಎಂದಳು.

ಕೆತ್ತುನೆನ್ ಒಳಗೆ ಬಂದ. ನೀನೇ ಬೆಳಗ್ಗೆ ಪಾಸು ಮಾಡಿದೆಯಲ್ಲ ಎಂದು ಅವಳನ್ನು ಕೇಳಿದ. ಯಾವುದರ ಜೊತೆ ಹೋಲಿಸಿ ಪಾಸು ಮಾಡಿದೆನೋ ಅದೇ ಇಲ್ಲ ಎಂದಳು. ಹಾಗಂದರೆ ಈ ಕೋಣೆಯಲ್ಲಿ ಒಬ್ಬನನ್ನೂ ಆಡಿಸುವ ಹಾಗಿಲ್ಲ ಎಂದ ಅವನು. ಹೌದು, ಹಾಗೇ ಎಂದಳು ಅವಳು, ದನಿ ಏರಿಸದೆ. ಇವರ ಮಾತು ತಲೆಯ ಮೇಲೆ ಹಾದುಹೋಗುತ್ತಿರಲು ಇಲ್ಕಾ ಬಗ್ಗಿದ. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದ. ಹಗುರೇನೂ ಆಗಲಿಲ್ಲ, ಆದರೂ ಮುಗಿಯಿತು. ಇನ್ನು ಯಾರೂ ಹಿಂದಿನಿಂದ ಬಂದು ಅಪ್ಪಳಿಸುವುದಿಲ್ಲ. ಗೋಡೆಯಾಚೆ ಜನ ಕಾಲಿನಿಂದ ತಾಳ ಹಾಕಲು ಶುರುಮಾಡಿದ್ದರು, ನೆಲ ಸಣ್ಣಗೆ ನಡುಗುತ್ತಿತ್ತು. ಮನೆಗೆ ಹೋಗಿ ಕತ್ತಲಲ್ಲಿ ಮಲಗಬೇಕು, ನಾಳೆ ಕಸ್ಪೇರಿಯ ಬಳಿ ಹೋಗಬೇಕು, ಮಗಳು ಚೆನ್ನಾಗಿದ್ದಾಳೆ ಎಂದು ಅವನು ಕೇಳಿದಷ್ಟು ಸಲವೂ ಹೇಳಬೇಕು. ಬೆರಳುಗಳು ತಮ್ಮ ಪಾಡಿಗೆ ಲಾಡಿಯಲ್ಲಿ ಓಡಾಡುತ್ತಿದ್ದವು. ಕೆಲಸ ಮುಗಿಸಿ, ಅವನು ರೀತ್ತಾಳ ಮುಖ ನೋಡಿ, ಆಯಿತು ಎಂದ.

ಕೆತ್ತುನೆನ್ನನ ಮಾತು ಅರ್ಧಕ್ಕೇ ನಿಂತಿತು. ಇಡೀ ಕೋಣೆ ತನ್ನ ಕಾಲುಗಳನ್ನು ನೋಡುತ್ತಿದೆ ಎಂದು ಇಲ್ಕಾನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನೂ ಬಗ್ಗಿ ನೋಡಿದ. ಎರಡೂ ಸ್ಕೇಟುಗಳು ಕಾಲಲ್ಲೇ ಇದ್ದವು. ಲಾಡಿಗಳನ್ನು ಕೊನೆಯ ತೂತಿನವರೆಗೂ ಎಳೆದು ಬಿಗಿದು, ಬಿಚ್ಚದಂತೆ ಮೇಲೆ ಇನ್ನೊಂದು ಗಂಟನ್ನೂ ಹಾಕಿದ್ದ. ರೀತ್ತಾ ಅವನೆದುರು ಮಂಡಿಯೂರಿ ಕೂತು, ಮೇಲಿನ ಗಂಟನ್ನು ಉಗುರಿನಿಂದ ಬಿಡಿಸತೊಡಗಿದಳು.